ಗಿಡದ ಒಳಗೆ ಇಣುಕಿದ ಸ್ವಾಮಿ

ನಮ್ಮ ಬೆಲ್ಲದ ಬಾಗೇವಾಡಿ ಕಡೆ ಕಬ್ಬು ಯಾರಿಗೆ ಗೊತ್ತಿಲ್ಲ? ಅದನ್ನ ಅಡ್ಡ ಕತ್ತರಿಸಿ ನೋಡ್ರಿ, ಸಣ್ಣ ಸಣ್ಣ ಚುಕ್ಕಿ ಕಾಣ್ತಾವೆ. ಅವು ನೀರು, ಸಕ್ಕರೆ ಸಾಗಿಸೋ ನಾಳಗಳ ಕಟ್ಟುಗಳು. ಗಿಡದ ಒಳಗಿನ ಇಂಥ ರಚನೆ ಹುಡುಕೋದರಲ್ಲೇ ಹೆಸರಾದವರು ಬಿ.ಜಿ.ಎಲ್. ಸ್ವಾಮಿ.

1918ರಲ್ಲಿ ಹುಟ್ಟಿದ ಸ್ವಾಮಿ, ಡಿ.ವಿ.ಜಿ.ಯವರ ಮಗ. ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಜೊತೆ ಸಂಶೋಧನೆ ಮಾಡಿದರು. ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡಿ, ಅಲ್ಲೇ ಪ್ರಿನ್ಸಿಪಾಲರೂ ಆದರು.

ಬಯಾಲಜಿ ಅಂದ್ರೆ ಬಾಯಿಪಾಠ ಅಂತ ನಮ್ಮಲ್ಲಿ ಎಷ್ಟೋ ಜನ ಅಂದ್ಕೊಂಡಿದ್ದೇವೆ. ಸ್ವಾಮಿಯವರ ಕೆಲಸ ಹಾಗಿರಲಿಲ್ಲ. ವಿದ್ಯಾರ್ಥಿಗಳ ಜೊತೆ ಪಶ್ಚಿಮ ಘಟ್ಟದ ಕಾಡು ಅಲೆದು ಗಿಡ ತರಬೇಕು. ಅದನ್ನ ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕಂಡದ್ದನ್ನ ಚಿತ್ರ ಬಿಡಿಸಿ ಬರೆದಿಡಬೇಕು.

ಹೂ ಬಿಡೋ ಗಿಡಗಳಲ್ಲಿ ನೀರು ಹರಿಯೋಕೆ ಸಾಮಾನ್ಯವಾಗಿ ವೆಸೆಲ್ ಅನ್ನೋ ಕೊಳವೆ ಇರುತ್ತೆ. ಸಾರ್ಕಾಂಡ್ರಾ ಗಿಡದಲ್ಲಿ ಅದೇ ಇಲ್ಲ ಅಂತ 1950ರಲ್ಲಿ ಸ್ವಾಮಿ ಮತ್ತು ಬೈಲಿ ಬರೆದರು. ಸ್ವಾಮಿ 1980ರಲ್ಲಿ ತೀರಿಕೊಂಡರು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಅನ್ನೋ ವಿಜ್ಞಾನಿ ಆ ಗಿಡದಲ್ಲೂ ವೆಸೆಲ್ ಇದೆ ಅಂತ ತೋರಿಸಿದರು. ಇದರಿಂದ ಸ್ವಾಮಿ ಸಣ್ಣವರಾಗಲಿಲ್ಲ. ನೋಡಿದ್ದನ್ನ ಸ್ಪಷ್ಟವಾಗಿ ಬರೆದಿಟ್ಟರೆ ತಾನೆ ಇನ್ನೊಬ್ಬರು ಪರೀಕ್ಷೆ ಮಾಡಿ ತಿದ್ದೋಕೆ ಆಗೋದು? ಲ್ಯಾಬ್ ರೆಕಾರ್ಡ್ ಕಾಪಿ ಹೊಡೆಯೋ ನಾವು ಇದನ್ನ ನೆನಪಿಡಬೇಕು.

ತಮ್ಮ ಕೆಲಸವನ್ನ ಸ್ವಾಮಿ ಕನ್ನಡದಲ್ಲೂ ಹೇಳಿದರು. ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಕಾಡಿದೆ, ಗಿಡಗಳಿವೆ, ನಮ್ಮಂಥ ಸ್ಟೂಡೆಂಟ್‌ಗಳ ತರಲೆಯೂ ಇದೆ. ಇಂಗ್ಲಿಷ್ ಮೀಡಿಯಂನವರೂ ನಗ್ತಾ ಓದಬಹುದು. ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡ್ರಿ.