ಎತ್ತಂಗಡಿಯಾದ ಡಾಕ್ಟರು, ಸಿಕ್ಕಿಬಿದ್ದ ಸೊಳ್ಳೆ

ಸರ್ಕಾರಿ ನೌಕರನಿಗೆ ದೆವ್ವಕ್ಕಿಂತ ಹೆಚ್ಚು ಭಯ ಯಾವುದು? ವರ್ಗಾವಣೆ ಆರ್ಡರು! ಬೆಳಿಗ್ಗೆ ಕಚೇರಿಗೆ ಹೋದರೆ ಮೇಜಿನ ಮೇಲೆ ಒಂದು ಕಾಗದ. ಅಲ್ಲಿಗೆ ಮುಗಿಯಿತು. ಮಕ್ಕಳ ಸ್ಕೂಲು, ಮನೆ ಬಾಡಿಗೆ, ಹಾಲಿನವನ ಲೆಕ್ಕ ಎಲ್ಲ ಅರ್ಧಕ್ಕೆ ನಿಂತು ಗಂಟುಮೂಟೆ ಕಟ್ಟಬೇಕು. ನೀರು ನೆರಳಿಲ್ಲದ ಊರಿಗೆ ಎತ್ತಿಹಾಕಿಸ್ತೀನಿ ಅಂತ ಮೇಲಿನವರು ಗದರಿಸೋದು, ಅದನ್ನು ತಪ್ಪಿಸಿಕೊಳ್ಳೋಕೆ ಕೆಳಗಿನವರು ಕಂಡಕಂಡವರ ಶಿಫಾರಸು ಹಿಡಿಯೋದು ತಾಲ್ಲೂಕು ಕಚೇರಿಯಿಂದ ರಾಜಧಾನಿಯವರೆಗೆ ಕೇಳಿಬರುವ ಕಥೆಯೇ.

ಆದರೆ 1897ರಲ್ಲಿ ಹೊರಟ ಒಂದು ವರ್ಗಾವಣೆ ಆರ್ಡರು ಬರೀ ಒಬ್ಬ ನೌಕರನ ತಲೆನೋವಾಗಿ ಉಳಿಯಲಿಲ್ಲ. ಚಳಿಜ್ವರದಿಂದ ನಡುಗುತ್ತಿದ್ದ ಲಕ್ಷಾಂತರ ಜನರ ಪ್ರಾಣವೇ ಅದಕ್ಕೆ ತಗುಲಿಹಾಕಿಕೊಂಡಿತ್ತು. ಆ ಆರ್ಡರು ಹೊತ್ತವರು ಸರ್ಜನ್ ರೊನಾಲ್ಡ್ ರಾಸ್. ಅವರನ್ನು ಎತ್ತಿಹಾಕಿದ ಊರು ರಾಜಪುತಾನದ ಖೇರ್ವಾಡಾ. ಗುಡ್ಡಗಳ ನಡುವಿನ ಹಳ್ಳಿಗಾಡು, ಪಕ್ಕದಲ್ಲೊಂದು ಪಡೆಯ ಠಾಣೆ. ಮಾಡೋಕೆ ಮಾತ್ರ ಕೆಲಸವಿಲ್ಲ!

ಅಪ್ಪನ ಹಟ, ಮಗನ ಪಾಡು

ರಾಸ್ ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ, 1857ರ ಮೇ 13ರಂದು. ಮೀರತ್‌ನಲ್ಲಿ ಸಿಪಾಯಿಗಳು ಬಂಡೆದ್ದು ಇನ್ನೂ ಮೂರು ದಿನವಾಗಿತ್ತು. ಅಪ್ಪ ಬ್ರಿಟಿಷರ ಸೈನ್ಯದಲ್ಲಿ ಅಧಿಕಾರಿ, ಮುಂದೆ ಜನರಲ್ ಆದವರು. ಹತ್ತು ಮಕ್ಕಳಲ್ಲಿ ಇವರೇ ಹಿರಿಯ. ಎಂಟು ವರ್ಷಕ್ಕೇ ಇಂಗ್ಲೆಂಡಿಗೆ ಕಳಿಸಿದರು.

ಹುಡುಗನಿಗೆ ಕವಿಯಾಗುವ ಆಸೆ, ಚಿತ್ರ ಬರೆಯುವ ಹುಚ್ಚು, ಗಣಿತದ ಗೀಳು. ಅಪ್ಪನಿಗೆ ಮಗ ಡಾಕ್ಟರಾಗಿ ಇಂಡಿಯಾದ ಸರ್ಕಾರಿ ವೈದ್ಯಕೀಯ ಸೇವೆಗೆ ಸೇರಬೇಕೆಂಬ ಹಟ. ಗೆದ್ದದ್ದು ಅಪ್ಪ. ಲಂಡನ್ನಿನ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯಲ್ಲಿ ಓದಿದ್ದೇನೋ ಹೌದು, ಆದರೆ ಮನಸ್ಸೆಲ್ಲ ಪದ್ಯದ ಮೇಲೆ. ಪರೀಕ್ಷೆಯಲ್ಲಿ ಒಮ್ಮೆ ಲಾಗ ಹೊಡೆದು, ಕೆಲಕಾಲ ಹಡಗಿನ ಡಾಕ್ಟರಾಗಿ ತಿರುಗಿ, ಕೊನೆಗೆ ಹೇಗೋ ಪಾಸಾಗಿ 1881ರಲ್ಲಿ ಇಂಡಿಯಾಕ್ಕೆ ಬಂದರು. ಮುಂದೆ ಲೋಕಕ್ಕೆಲ್ಲ ಹೆಸರಾಗುವ ಮನುಷ್ಯ ಅಂತ ಆಗ ಯಾರೂ ಎಣಿಸಿರಲಿಲ್ಲ.

ಅಲ್ಲಿಂದ ಶುರುವಾಯಿತು ಊರೂರು ಅಲೆದಾಟ. ಮದ್ರಾಸು, ಬರ್ಮಾ, ಅಂಡಮಾನು... ಒಂದು ಕಡೆ ಕಾಲೂರುವ ಹೊತ್ತಿಗೆ ಇನ್ನೊಂದು ಕಡೆಗೆ ಆರ್ಡರು ಸಿದ್ಧ.

ಬೆಂಗಳೂರಿನ ತೊಟ್ಟಿ

1883ರಲ್ಲಿ ಅವರನ್ನು ಬೆಂಗಳೂರು ದಂಡಿಗೆ ಹಾಕಿದರು. ಇರಲು ಸೊಗಸಾದ ಬಂಗಲೆ, ಹವೆಯೂ ತಂಪು. ಆದರೆ ರಾತ್ರಿಯಾದರೆ ಸೊಳ್ಳೆ ಕಾಟ ತಡೆಯಲಾಗದು. ಬೇರೆಯವರ ಮನೆಗಿಂತ ತಮ್ಮ ಕೋಣೆಯಲ್ಲೇ ಯಾಕಿಷ್ಟು ಅಂತ ಹುಡುಕಿದರೆ ಕಿಟಕಿಯ ಆಚೆ ನೀರು ತುಂಬಿದ ತೊಟ್ಟಿ. ಅದರ ತುಂಬ ಬಳುಕುವ ಮರಿಹುಳುಗಳು. ತೊಟ್ಟಿ ಮಗುಚಿ ಹಾಕಿದರು. ಸೊಳ್ಳೆ ಕಡಿಮೆಯಾಯಿತು!

ಇದನ್ನು ಹೋಗಿ ಮಿಲಿಟರಿ ಅಧಿಕಾರಿಗೆ ಹೇಳಿದರು. ಊಟದ ಮನೆಯ ಸುತ್ತಲಿನ ಡಬ್ಬ, ಹೂದಾನಿ, ಕುಂಡಗಳಲ್ಲಿ ನಿಂತ ನೀರನ್ನೂ ಚೆಲ್ಲಿಸಿ ಅಂತ ಕೇಳಿಕೊಂಡರು. ಅಧಿಕಾರಿ ಸುತರಾಂ ಒಪ್ಪಲಿಲ್ಲ. ದೇವರು ಮಾಡಿದ ಸೃಷ್ಟಿಗೆ ಕೈ ಹಾಕಬಾರದು ಅನ್ನೋ ಧಾಟಿಯಲ್ಲಿ ಮಾತಾಡಿ ಸಾಗಹಾಕಿದ. ಸೊಳ್ಳೆಗೂ ಚಳಿಜ್ವರಕ್ಕೂ ನಂಟಿದೆ ಅಂತ ಆಗ ರಾಸ್ ಅವರಿಗೂ ಗೊತ್ತಿರಲಿಲ್ಲ ಅನ್ನಿ. ಆದರೆ ಮದ್ದಿನ ಅರ್ಧ ಭಾಗ ಬೆಂಗಳೂರಿನ ಆ ತೊಟ್ಟಿಯಲ್ಲೇ ಇತ್ತು. ಉಳಿದರ್ಧ ಸಿಗೋಕೆ 14 ವರ್ಷ ಹಿಡಿಯಿತು.

ಕೆಟ್ಟ ಗಾಳಿಯೋ, ಸೊಳ್ಳೆಯೋ?

ಆಗಿನ ಕಾಲದಲ್ಲಿ ಮಲೇರಿಯಾ ಬರೋದು ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯಿಂದ ಅಂತ ನಂಬಿಕೆ. ಇಟಲಿ ಭಾಷೆಯ ಆ ಹೆಸರಿನ ಅರ್ಥವೇ ಕೆಟ್ಟ ಗಾಳಿ. 1880ರಲ್ಲಿ ಅಲ್ಜೀರಿಯಾದ ಸೈನಿಕ ಆಸ್ಪತ್ರೆಯೊಂದರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಡಾಕ್ಟರು ರೋಗಿಯ ರಕ್ತದಲ್ಲಿ ಮಲೇರಿಯಾದ ಕ್ರಿಮಿಯನ್ನು ಕಂಡರು. ಸರಿ, ಕ್ರಿಮಿ ಇದೆ. ಆದರೆ ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ಹೋಗೋದು ಹೇಗೆ? ಯಾರಿಗೂ ಗೊತ್ತಿಲ್ಲ.

1894ರಲ್ಲಿ ರಜೆ ಮೇಲೆ ಲಂಡನ್ನಿಗೆ ಹೋದ ರಾಸ್‌ಗೆ ಪ್ಯಾಟ್ರಿಕ್ ಮ್ಯಾನ್ಸನ್ ಪರಿಚಯವಾಯಿತು. ಆನೆಕಾಲು ರೋಗದ ಹುಳು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯೋದನ್ನು ಚೀನಾದಲ್ಲಿ ಕಂಡುಬಂದ ಹಿರಿಯ ವೈದ್ಯರು ಅವರು. ಮಲೇರಿಯಾಕ್ಕೂ ಸೊಳ್ಳೆಯೇ ವಾಹನ ಇರಬೇಕು, ಹುಡುಕಿ ನೋಡು ಅಂತ ಹುರಿದುಂಬಿಸಿದರು. 1895ರಲ್ಲಿ ವಾಪಸು ಬಂದ ರಾಸ್ ಸಿಕಂದರಾಬಾದಿನ ದಂಡಿನಲ್ಲಿ ಸೊಳ್ಳೆ ಸೀಳೋದಕ್ಕೆ ಕೂತರು.

ಕೆಲಸ ಕೈಹತ್ತುತ್ತಿದೆ ಅನ್ನುವಾಗಲೇ ಬಂತು ಆರ್ಡರು! ಬೆಂಗಳೂರಿನಲ್ಲಿ ಕಾಲರಾ ಎದ್ದಿದೆ, ಹೋಗಿ ನೋಡಿಕೋ ಅಂತ. ಮಾಡೋದೇನು, ಬಂದರು. ದಂಡು ಪ್ರದೇಶದ ಚರಂಡಿ, ನೀರು, ಕೊಳಕು ಎಲ್ಲದರ ಮೇಲೆ ಓಡಾಡಿ ವರದಿ ಬರೆದರು. ಅದೂ ಪ್ರಾಣ ಉಳಿಸೋ ಕೆಲಸವೇ. ಆದರೆ ಬೆಂಗಳೂರಿನ ತಂಪು ಹವೆಯಲ್ಲಿ ಅವರಿಗೆ ಬೇಕಾದಷ್ಟು ಮಲೇರಿಯಾ ರೋಗಿಗಳು ಸಿಗಲಿಲ್ಲ. ಮೈಕ್ರೋಸ್ಕೋಪು ಮೂಲೆ ಹಿಡಿಯಿತು.

1897ರ ಬೇಸಿಗೆಯಲ್ಲಿ ರಜೆ ಹಾಕಿ ಊಟಿಗೆ ಹೋದವರು ಸುಮ್ಮನೆ ಕೂರಲಿಲ್ಲ. ಮಸಿನಗುಡಿ ಕಡೆಗೆ ಇಳಿಯುವ ಸೀಗೂರು ಘಾಟಿನಲ್ಲಿ ಜ್ವರ ಜಾಸ್ತಿ ಅಂತ ಕೇಳಿ ಅಲ್ಲಿಗೇ ನಡೆದರು. ಫಲ? ದಿನಾ ಕ್ವಿನೀನ್ ನುಂಗುತ್ತಿದ್ದರೂ ಮೂರೇ ದಿನಕ್ಕೆ ತಾವೇ ಚಳಿಜ್ವರ ಹಿಡಿದು ಮಲಗಿದರು! ಆದರೆ ಅಲ್ಲಿ ಒಂದು ಹೊಸ ಬಗೆಯ ಸೊಳ್ಳೆ ಕಣ್ಣಿಗೆ ಬಿತ್ತು. ರೆಕ್ಕೆ ಮೇಲೆ ಚುಕ್ಕೆ, ಗೋಡೆಗೆ ಓರೆಯಾಗಿ ಬಾಲ ಎತ್ತಿ ಕೂರುವ ಜಾತಿ.

ಸೊಳ್ಳೆಗೊಂದಾಣೆ

ಜೂನ್‌ನಲ್ಲಿ ಮತ್ತೆ ಸಿಕಂದರಾಬಾದು. ಬಿಸಿಲೋ ಬಿಸಿಲು. ಪಂಕ ಬೀಸಿಸಿದರೆ ಮೇಜಿನ ಮೇಲಿನ ಸೊಳ್ಳೆಗಳು ಹಾರಿಹೋಗುತ್ತವೆ, ಆದ್ದರಿಂದ ಗಾಳಿಯೂ ಇಲ್ಲ. ಬೆವರು ಸುರಿದು ಮೈಕ್ರೋಸ್ಕೋಪಿನ ತಿರುಪುಗಳು ತುಕ್ಕು ಹಿಡಿದವು. ಗಾಜು ಬಿರುಕು ಬಿಟ್ಟಿತು. ಎಷ್ಟು ಸೊಳ್ಳೆ ಸೀಳಿದರೂ ಏನೂ ಇಲ್ಲ.

ಆಗಸ್ಟ್‌ನಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸಿಕ್ಕಿದ. ಸೊಳ್ಳೆಪರದೆಯೊಳಗೆ ಅವನನ್ನು ಮಲಗಿಸಿ, ಮರಿಯಿಂದ ಸಾಕಿದ ಹೊಸ ಜಾತಿಯ ಸೊಳ್ಳೆಗಳನ್ನು ಬಿಟ್ಟರು. ಕಚ್ಚಿಸಿಕೊಂಡಿದ್ದಕ್ಕೆ ಕೂಲಿ ಸೊಳ್ಳೆಗೊಂದಾಣೆ! ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಸೀಳಿ ನೋಡಿದಾಗ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಗುಳ್ಳೆಗಳು ಕಂಡವು. ಮಲೇರಿಯಾ ಕ್ರಿಮಿಯಲ್ಲಿ ಮಾತ್ರ ಕಾಣುವ ಕಣಗಳು ಅವು. ಮಾರನೇ ದಿನ ಇನ್ನೊಂದು ಸೊಳ್ಳೆಯಲ್ಲಿ ಆ ಗುಳ್ಳೆಗಳು ಇನ್ನೂ ದೊಡ್ಡದಾಗಿದ್ದವು. ಕ್ರಿಮಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆ ಅನ್ನೋದು ಖಾತ್ರಿಯಾಯಿತು.

ಸಾವಿರಾರು ವರ್ಷದ ಒಗಟು ಅರ್ಧ ಬಿಡಿಸಿದಂತಾಯಿತು. ಇನ್ನು ಉಳಿದದ್ದು ಒಂದೇ. ಸೊಳ್ಳೆಯ ಹೊಟ್ಟೆಯಿಂದ ಆ ಕ್ರಿಮಿ ಮತ್ತೊಬ್ಬ ಮನುಷ್ಯನೊಳಕ್ಕೆ ಹೋಗೋದು ಹೇಗೆ? ಇನ್ನೊಂದಿಷ್ಟು ತಿಂಗಳು ಅದೇ ಜಾಗದಲ್ಲಿ ಬಿಟ್ಟಿದ್ದರೆ ಅದನ್ನೂ ಹಿಡಿಯುತ್ತಿದ್ದರೋ ಏನೋ.

ಬಿಡಲಿಲ್ಲ.

ಖೇರ್ವಾಡಾದ ಐದು ತಿಂಗಳು

ಸೆಪ್ಟೆಂಬರಿನಲ್ಲಿ ಆರ್ಡರು ಬಂತು. ಮೊದಲು ಬೊಂಬಾಯಿಗೆ, ಅಲ್ಲಿಂದ ಖೇರ್ವಾಡಾಕ್ಕೆ. ಉದಯಪುರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ದೂರದ ಊರು. ಸುತ್ತ ಅರಾವಳಿಯ ಗುಡ್ಡಗಳು, ಭಿಲ್ಲರ ಹಟ್ಟಿಗಳು. 1840ರ ದಶಕದಲ್ಲಿ ಬ್ರಿಟಿಷರು ಅದೇ ಭಿಲ್ಲರನ್ನು ಸೇರಿಸಿ ಕಟ್ಟಿದ ಮೇವಾಡ ಭಿಲ್ ಪಡೆಯ ಠಾಣೆ ಅಲ್ಲಿತ್ತು. ಠಾಣೆ ಬಿಟ್ಟರೆ ಹಳ್ಳಿ, ಹಳ್ಳಿ ಬಿಟ್ಟರೆ ಗುಡ್ಡ.

ಊರೇನೂ ಕೆಟ್ಟದ್ದಲ್ಲ. ಆ ಜನಕ್ಕೆ ಅದೇ ತವರು. ರಾಸ್ ಪಾಲಿಗೆ ಆ ಊರಿನ ತಪ್ಪು ಒಂದೇ ಒಂದು. ಅಲ್ಲಿ ಮಲೇರಿಯಾ ಇರಲಿಲ್ಲ! ಬೇರೆ ಡಾಕ್ಟರಾಗಿದ್ದರೆ ಕಾಯಿಲೆ ಇಲ್ಲದ ಊರು, ಕೂತು ಸಂಬಳ ಅಂತ ಸಂತೋಷಪಡುತ್ತಿದ್ದ. ಈ ಮನುಷ್ಯ ಬೆಂಕಿ ತುಳಿದವರಂತೆ ಚಡಪಡಿಸಿದರು. ಪತ್ತೆಗೆ ಬೇಕಾದದ್ದು ಜ್ವರದ ರೋಗಿ. ರೋಗಿ ಇಲ್ಲದೆ ಸೊಳ್ಳೆ ಹಿಡಿದು ಏನು ಪ್ರಯೋಜನ? ಅತ್ತ ಯೂರೋಪಿನಲ್ಲಿ ಇಟಲಿಯ ಪಂಡಿತರು ಅದೇ ಒಗಟಿನ ಬೆನ್ನು ಹತ್ತಿದ್ದರು. ಇತ್ತ ಬೀಗದ ಕೈ ಹಿಡಿದುಕೊಂಡು, ಬಾಗಿಲೇ ಇಲ್ಲದ ಕಡೆ ಕೂತಂತಾಯಿತು ಇವರ ಸ್ಥಿತಿ.

ಆರ್ಡರು ಬರೆದವರಿಗೆ ದ್ವೇಷವಿತ್ತು ಅನ್ನೋಕೂ ಆಗೋದಿಲ್ಲ. ಎಲ್ಲೋ ಒಂದು ಜಾಗ ಖಾಲಿ, ಯಾರೋ ಒಬ್ಬ ಡಾಕ್ಟರು ಬೇಕು. ಆ ಡಾಕ್ಟರು ಏನು ಮಾಡುತ್ತಿದ್ದಾನೆ, ಎಷ್ಟರ ಮಟ್ಟಿಗೆ ಬಂದಿದ್ದಾನೆ ಅಂತ ಫೈಲಿನಲ್ಲಿ ಬರೆದಿರೋದಿಲ್ಲವಲ್ಲ!

ರಾಸ್ ಕೆಲಸಕ್ಕೇ ರಾಜೀನಾಮೆ ಕೊಡುವ ಮಾತೆತ್ತಿದರು. ಲಂಡನ್ನಿನ ಮ್ಯಾನ್ಸನ್‌ಗೆ ಪತ್ರದ ಮೇಲೆ ಪತ್ರ ಬರೆದರು. ಮ್ಯಾನ್ಸನ್ ಸುಮ್ಮನಿರದೆ ದೊಡ್ಡವರ ಬಾಗಿಲು ಬಡಿದರು. ಶಿಫಾರಸು ಅನ್ನೋದು ಎಷ್ಟೋ ಸಲ ಕೆಟ್ಟದ್ದಕ್ಕೆ ಬಳಕೆಯಾಗುತ್ತದೆ, ಆ ಸಲ ಒಳ್ಳೇದಕ್ಕೆ ಆಯಿತು. ಐದು ತಿಂಗಳು ಕಳೆದ ಮೇಲೆ ಸರ್ಕಾರದ ಮನಸ್ಸು ಕರಗಿ, ಮಲೇರಿಯಾ ಮತ್ತು ಕಾಲಾ ಅಜಾರ್ ರೋಗಗಳ ಪತ್ತೆಗೆಂದು ವಿಶೇಷ ಕೆಲಸದ ಮೇಲೆ ಕಲ್ಕತ್ತಾಕ್ಕೆ ಹಾಕಿದರು. 1898ರ ಫೆಬ್ರವರಿ 17ಕ್ಕೆ ಹೋಗಿ ಸೇರಿಕೊಂಡರು.

ಗುಬ್ಬಚ್ಚಿಗಳ ಉಪಕಾರ

ಕಲ್ಕತ್ತಾದಲ್ಲಿ ಬೇರೆ ತಾಪತ್ರಯ. ಆಸ್ಪತ್ರೆಗೆ ಬಂದ ಜ್ವರದವರಿಗೆಲ್ಲ ಆಗಲೇ ಔಷಧಿ ಬಿದ್ದಿರುತ್ತಿತ್ತು. ರಾಸ್ ಮನುಷ್ಯರನ್ನು ಬಿಟ್ಟು ಹಕ್ಕಿಗಳನ್ನು ಹಿಡಿದರು. ಗುಬ್ಬಚ್ಚಿಗೂ ಒಂದು ಬಗೆಯ ಮಲೇರಿಯಾ ಬರುತ್ತದೆ. ಮಹಮದ್ ಬಕ್ಸ್ ಎಂಬ ಸಹಾಯಕ ಹಗಲೂ ರಾತ್ರಿ ಜೊತೆಗಿದ್ದ. ಕಿಶೋರಿ ಮೋಹನ ಬಂದ್ಯೋಪಾಧ್ಯಾಯ ಎಂಬ ಬಂಗಾಳಿ ತರುಣನೂ ನೆರವಾದ.

1898ರ ಜುಲೈನಲ್ಲಿ ಒಗಟಿನ ಉಳಿದ ಭಾಗವೂ ಬಿಚ್ಚಿಕೊಂಡಿತು. ಕ್ರಿಮಿ ಸೊಳ್ಳೆಯ ಹೊಟ್ಟೆಯಿಂದ ಹೊರಟು ಅದರ ಜೊಲ್ಲಿನ ಗ್ರಂಥಿಗೆ ಹೋಗಿ ಸೇರುತ್ತದೆ. ಕಚ್ಚುವಾಗ ಜೊಲ್ಲಿನ ಜೊತೆ ಮೈಯೊಳಕ್ಕೆ ಇಳಿಯುತ್ತದೆ! ಆರೋಗ್ಯವಾಗಿದ್ದ 28 ಗುಬ್ಬಚ್ಚಿಗಳಿಗೆ ಕಚ್ಚಿಸಿದಾಗ 22ಕ್ಕೆ ಜ್ವರದ ಕ್ರಿಮಿ ಹತ್ತಿತು. ಕೆಟ್ಟ ಗಾಳಿಯ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಮನುಷ್ಯನ ಮಲೇರಿಯಾಕ್ಕೆ ಇದೇ ದಾರಿ ಅಂತ ಪೂರ್ತಿಯಾಗಿ ತೋರಿಸಿದವರು ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಅವರ ಜೊತೆಗಾರರು. ಚುಕ್ಕೆರೆಕ್ಕೆಯ ಆ ಸೊಳ್ಳೆಗೆ ಅನಾಫಿಲಿಸ್ ಅನ್ನುವ ಕುಲದ ಹೆಸರನ್ನು ಗಟ್ಟಿಮಾಡಿದವರೂ ಅವರೇ. ಹೋದ ಐದು ತಿಂಗಳು ಹೋಗದೇ ಇದ್ದಿದ್ದರೆ? ಈ ಪ್ರಶ್ನೆ ರಾಸ್ ಅವರನ್ನು ಬದುಕಿಡೀ ಕೊರೆಯಿತು. ಮೊದಲು ಕಂಡವರು ಯಾರು ಅಂತ ಇಬ್ಬರ ನಡುವೆ ನಡೆದ ಜಗಳ ಸಾಮಾನ್ಯದ್ದಲ್ಲ. ರಾಸ್ ಸಾಹೇಬರು ಮೊದಲೇ ಮುಂಗೋಪಿ. ಕೈಹಿಡಿದು ಮೇಲೆತ್ತಿದ ಮ್ಯಾನ್ಸನ್ ಜೊತೆಗೂ ಕೊನೆಗೆ ಮನಸ್ಸು ಮುರಿದುಕೊಂಡರು.

1899ರಲ್ಲಿ ಇಂಡಿಯಾ ಬಿಟ್ಟು ಲಿವರ್‌ಪೂಲಿಗೆ ಹೋದರು. 1902ರಲ್ಲಿ ನೊಬೆಲ್ ಬಂತು. ಬ್ರಿಟಿಷರಲ್ಲಿ ಆ ಬಹುಮಾನ ಕಂಡ ಮೊದಲಿಗರು ಇವರೇ. 1911ರಲ್ಲಿ ಸರ್ ಆದರು. 1927ರಲ್ಲಿ ಕಲ್ಕತ್ತಾ ಆಸ್ಪತ್ರೆಯ ಗೋಡೆಯಲ್ಲಿ ಅವರ ಸ್ಮಾರಕ ತೆರೆದಾಗ ತಾವೇ ಬಂದು ನಿಂತು ನೋಡಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು 75. ಸೊಳ್ಳೆಗೊಂದಾಣೆ ಪಡೆದ ಹುಸೇನ್ ಖಾನನಿಗೆ ಸ್ಮಾರಕವಿಲ್ಲ, ಹೆಸರೊಂದು ಉಳಿದಿದೆ.

ಹಿತ್ತಲ ಡ್ರಮ್ಮಿನ ಕಡೆ ಒಂದು ಕಣ್ಣು

ಖೇರ್ವಾಡಾದಂಥ ಊರುಗಳಿಗೆ ಡಾಕ್ಟರು ಬೇಡವೇ? ಖಂಡಿತ ಬೇಕು. ಹಳ್ಳಿಗೆ ಹೋಗೋದಿಲ್ಲ ಅಂತ ಹಟ ಹಿಡಿಯೋ ಡಾಕ್ಟರುಗಳಿಗೆ ರಾಸ್ ಕಥೆ ನೆಪವಾಗಬಾರದು. ಸೀಗೂರು ಘಾಟಿಗೆ ಯಾರೂ ಹೇಳದೆ ತಾವೇ ಹೋಗಿ ಜ್ವರ ತರಿಸಿಕೊಂಡವರು ಅವರು. ಹೇಳಬೇಕಾದ್ದು ಆರ್ಡರು ಬರೆಯುವವರಿಗೆ. ಕಳಿಸುವ ಮುಂಚೆ, ಆ ಮನುಷ್ಯ ಅರ್ಧಕ್ಕೆ ಬಿಟ್ಟುಹೋಗುವ ಕೆಲಸ ಯಾವುದು ಅಂತ ಒಂದು ಮಾತು ಕೇಳಿದರೆ ಸಾಕು.

ರಾಸ್ ಸೊಳ್ಳೆಯ ಗುಟ್ಟು ಕಂಡ ಆಗಸ್ಟ್ 20ನ್ನು ಈಗ ಲೋಕವೆಲ್ಲ ಸೊಳ್ಳೆ ದಿನ ಅಂತ ಆಚರಿಸುತ್ತದೆ. ಮಲೇರಿಯಾ ಸೊಳ್ಳೆ ಬೇರೆ, ಡೆಂಗಿ ಸೊಳ್ಳೆ ಬೇರೆ. ಎರಡೂ ಮೊಟ್ಟೆ ಇಡೋದು ಮಾತ್ರ ನಿಂತ ನೀರಿನಲ್ಲೇ. ಅಂಗಡಿ ಹಿಂದಿನ ಡ್ರಮ್ಮು, ಗ್ಯಾರೇಜಿನ ಹಳೇ ಟೈರು, ಬಸ್ ಸ್ಟ್ಯಾಂಡಿನಲ್ಲಿ ಬಿಸಾಕಿದ ಎಳನೀರು ಬುರುಡೆ... ಇವನ್ನು ಮಗುಚಿಹಾಕೋಕೆ ಯಾವ ಸಾಹೇಬರ ಆರ್ಡರೂ ಬೇಕಿಲ್ಲ. 1883ರಲ್ಲಿ ಬೆಂಗಳೂರಿನ ಅಧಿಕಾರಿ ಆಗೋದಿಲ್ಲ ಅಂದ ಕೆಲಸ ಅದು. ಇವತ್ತು ಸಂಜೆ ಅಂಗಡಿ ಬಾಗಿಲು ಹಾಕುವ ಮುಂಚೆ ಐದು ನಿಮಿಷದಲ್ಲಿ ಮುಗಿಯುತ್ತದೆ.