ಮಗುವಿಗೆ ಬೇಕಾದದ್ದು ಮಡಿಲು
ಸಂತ ವಿನ್ಸೆಂಟ್ ಡಿ ಪೌಲರ ಬಾಳಿನಿಂದ ಕುಟುಂಬಗಳಿಗೆ ಒಂದು ಪಾಠ



ಸಂತ ವಿನ್ಸೆಂಟ್ ಡಿ ಪೌಲರ ಚಿತ್ರವನ್ನು ನೀವು ನೋಡಿರುತ್ತೀರಿ. ಕಪ್ಪು ನಿಲುವಂಗಿ, ಬಿಳಿ ಗಡ್ಡ, ತೋಳಿನಲ್ಲಿ ಒಂದು ಹಸುಗೂಸು, ಕಾಲ ಬಳಿ ಇನ್ನೊಂದು ಮಗು. ಹಿಮ ಬೀಳುವ ರಾತ್ರಿಗಳಲ್ಲಿ ಅವರು ಪ್ಯಾರಿಸ್ ನಗರದ ಬೀದಿ ಬೀದಿ ಸುತ್ತಿ, ತೊರೆದುಹೋದ ಕೂಸುಗಳನ್ನು ತಮ್ಮ ಮೇಲಂಗಿಯಲ್ಲಿ ಸುತ್ತಿಕೊಂಡು ತರುತ್ತಿದ್ದರೆಂಬ ಕಥೆಯನ್ನೂ ಕೇಳಿರುತ್ತೀರಿ. ಈ ಕಥೆ ಭಕ್ತಜನರ ಮನಸ್ಸಿನಲ್ಲಿ ನೆಲೆಯೂರಿದೆ. ಆದರೆ ಅವರು ನಿಜವಾಗಿ ಮಾಡಿದ ಕೆಲಸ ಇದಕ್ಕಿಂತ ಕಷ್ಟದ್ದು, ಇದಕ್ಕಿಂತ ದೊಡ್ಡದು. ಬೀದಿಯಲ್ಲಿ ಬಿದ್ದ ಮಗುವನ್ನು ಎತ್ತಿಕೊಳ್ಳಲು ಒಂದು ಗಳಿಗೆಯ ಕರುಣೆ ಸಾಕು. ಎತ್ತಿಕೊಂಡ ಮಗುವನ್ನು ಯಾರ ಮಡಿಲಲ್ಲಿ ಇಡುವುದು? ವಿನ್ಸೆಂಟರು ತಮ್ಮ ಬಾಳಿನ ಕೊನೆಯ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಉತ್ತರ ಹುಡುಕಿದ್ದು ಈ ಪ್ರಶ್ನೆಗೆ. ಅವರ ಬಾಳನ್ನು ಈ ಒಂದು ಕಡೆಯಿಂದ ನಿಮ್ಮೊಡನೆ ಧ್ಯಾನಿಸಬೇಕೆಂದು ನನ್ನ ಆಸೆ.

ರೈತನ ಮಗ

ವಿನ್ಸೆಂಟರು ಹುಟ್ಟಿದ್ದು 1581ರಲ್ಲಿ, ಫ್ರಾನ್ಸ್ ದೇಶದ ನೈಋತ್ಯ ಮೂಲೆಯಲ್ಲಿರುವ ಪುಯಿ ಎಂಬ ಹಳ್ಳಿಯ ಬಡ ರೈತ ಕುಟುಂಬದಲ್ಲಿ. ಆರು ಮಕ್ಕಳಲ್ಲಿ ಅವರು ಮೂರನೆಯವರು. ಚಿಕ್ಕಂದಿನಲ್ಲಿ ಕುರಿ, ಹಂದಿಗಳನ್ನು ಕಾಯುತ್ತಿದ್ದರು. ಹುಡುಗ ಚುರುಕು ಎಂದು ಕಂಡು ತಂದೆ ಅವನನ್ನು ಹತ್ತಿರದ ಡಾಕ್ಸ್ ಪಟ್ಟಣಕ್ಕೆ ಓದಲು ಕಳಿಸಿದರು. ಮುಂದೆ ಅವನ ಉನ್ನತ ವಿದ್ಯಾಭ್ಯಾಸಕ್ಕೆ ಹಣ ಸಾಲದೆ ಒಂದು ಜೊತೆ ಎತ್ತುಗಳನ್ನೇ ಮಾರಿದರು. ರೈತನಿಗೆ ಎತ್ತು ಮಾರುವುದೆಂದರೆ ಏನೆಂದು ನಮ್ಮ ಹಳ್ಳಿಯವರಿಗೆ ಹೇಳಬೇಕಾಗಿಲ್ಲ.

ಒಮ್ಮೆ ತಂದೆ ಶಾಲೆಗೆ ಮಗನನ್ನು ನೋಡಲು ಬಂದರು. ಹರಕು ಬಟ್ಟೆ, ಕುಂಟುವ ಕಾಲು. ಸಹಪಾಠಿಗಳ ಎದುರು ನಾಚಿಕೆಪಟ್ಟ ಹುಡುಗ ತಂದೆಯನ್ನು ಕಾಣಲು ಹೋಗಲಿಲ್ಲ. ಈ ಸಂಗತಿಯನ್ನು ವಿನ್ಸೆಂಟರು ಮುಪ್ಪಿನಲ್ಲಿ ತಾವೇ ಹೇಳಿಕೊಂಡು ಪಶ್ಚಾತ್ತಾಪಪಟ್ಟರು. ಅಪ್ಪನ ಬೆಲೆ ಏನೆಂಬುದನ್ನು ಅವರು ತಡವಾಗಿ ಕಲಿತರು. ಆದರೆ ಕಲಿತದ್ದನ್ನು ಮರೆಯಲಿಲ್ಲ.

1600ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವರಿಗೆ ಗುರುದೀಕ್ಷೆಯಾಯಿತು. ಆಗ ಅವರ ಕನಸು ಸಣ್ಣದು. ಒಳ್ಳೆಯ ವರಮಾನವಿರುವ ಒಂದು ಹುದ್ದೆ ಸಿಕ್ಕಿದರೆ ಊರಿಗೆ ಹಿಂತಿರುಗಿ ತಾಯಿಯ ಬಳಿ ನೆಮ್ಮದಿಯಾಗಿ ಇರಬೇಕೆಂಬುದು. 1610ರಲ್ಲಿ ತಾಯಿಗೆ ಬರೆದ ಪತ್ರದಲ್ಲಿಯೂ ಇದೇ ಹಂಬಲವಿದೆ. ದೇವರು ಆ ಕನಸನ್ನು ಬೇರೆ ದಾರಿಗೆ ತಿರುಗಿಸಿದರು.

1617ರಲ್ಲಿ ಅವರು ಶಾತಿಯೋಂ ಎಂಬ ಊರಿನ ಧರ್ಮಕೇಂದ್ರದ ಗುರುಗಳಾಗಿದ್ದರು. ಒಂದು ಭಾನುವಾರ ಬಲಿಪೂಜೆಗೆ ಹೊರಡುವಾಗ ಸುದ್ದಿ ಬಂತು: ಒಂದು ಬಡ ಕುಟುಂಬದವರೆಲ್ಲ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ. ಪ್ರಬೋಧನೆಯಲ್ಲಿ ಅವರು ಈ ವಿಷಯ ತಿಳಿಸಿದರು. ಮಧ್ಯಾಹ್ನ ಆ ಮನೆಯ ದಾರಿಯಲ್ಲಿ ನೋಡಿದರೆ ಊರಿನ ಹೆಂಗಸರ ಸಾಲೇ ಸಾಲು, ಎಲ್ಲರ ಕೈಯಲ್ಲೂ ಊಟ. ಅವರ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಇಂದು ಹೆಚ್ಚಾಗಿ ಹಳಸುವ ಊಟ ನಾಳೆ ಇರುವುದಿಲ್ಲ. ಪ್ರೀತಿಗೆ ಒಂದು ಕ್ರಮ ಬೇಕು, ದಿನಕ್ಕೊಬ್ಬರಂತೆ ಸರದಿ ಬೇಕು ಎಂದು ವಿನ್ಸೆಂಟರು ಕಂಡುಕೊಂಡರು. ಕೆಲವೇ ದಿನಗಳಲ್ಲಿ ಆ ಹೆಂಗಸರ ಸಂಘ ಕಟ್ಟಿದರು. ಅವರ ಮುಂದಿನ ಎಲ್ಲ ಕೆಲಸಕ್ಕೂ ಇದೇ ಅಡಿಪಾಯ.

ತಾಯಿಯ ಮುಖ ಕಾಣದ ಮಗಳು

ವಿನ್ಸೆಂಟರ ಕಥೆಯನ್ನು ಸಂತ ಲೂಯಿಸ್ ದ ಮಾರಿಯಾಕ್ ಅವರನ್ನು ಬಿಟ್ಟು ಹೇಳಲಾಗದು. ಲೂಯಿಸ್ ಹುಟ್ಟಿದ್ದು 1591ರಲ್ಲಿ, ದೊಡ್ಡ ಮನೆತನದ ತಂದೆಗೆ, ಆದರೆ ವಿವಾಹದ ಹೊರಗೆ. ತಾಯಿ ಯಾರೆಂದು ಅವರಿಗೆ ತಿಳಿಯಲೇ ಇಲ್ಲ. ಬಾಲ್ಯ ಕಳೆದದ್ದು ಮೊದಲು ಒಂದು ಕಾನ್ವೆಂಟಿನಲ್ಲಿ, ಆಮೇಲೆ ಪ್ಯಾರಿಸ್ಸಿನ ಒಂದು ವಸತಿಮನೆಯಲ್ಲಿ. ಹದಿಮೂರರ ಹೊತ್ತಿಗೆ ತಂದೆಯೂ ತೀರಿಕೊಂಡರು. ಮದುವೆಯಾಗಿ ಒಬ್ಬ ಮಗನನ್ನು ಪಡೆದು, 1625ರಲ್ಲಿ ವಿಧವೆಯಾದರು. ಮುಂದೆ ವಿನ್ಸೆಂಟರ ಮಾರ್ಗದರ್ಶನದಲ್ಲಿ 1633ರಲ್ಲಿ ಕೆಲವು ಹಳ್ಳಿಯ ಹುಡುಗಿಯರನ್ನು ತಮ್ಮ ಮನೆಯಲ್ಲೇ ಸೇರಿಸಿಕೊಂಡು ಡಾಟರ್ಸ್ ಆಫ್ ಚಾರಿಟಿ ಎಂಬ ಧರ್ಮಭಗಿನಿಯರ ಸಂಸ್ಥೆಯನ್ನು ಆರಂಭಿಸಿದರು. ತಾಯಿಯಿಲ್ಲದ ಮಗುವಿನ ನೋವು ಏನೆಂದು ಆ ಕಾಲದ ಪ್ಯಾರಿಸ್ಸಿನಲ್ಲಿ ಇವರಷ್ಟು ಬಲ್ಲವರು ಎಷ್ಟು ಜನ ಇದ್ದಾರು?

ತೊಟ್ಟಿಲ ಹೆಸರಿನ ಸಾವಿನ ಮನೆ

ಆ ದಿನಗಳಲ್ಲಿ ಪ್ಯಾರಿಸ್ ನಗರದಲ್ಲಿ ವರ್ಷಕ್ಕೆ ಮುನ್ನೂರು ನಾನ್ನೂರು ಹಸುಗೂಸುಗಳನ್ನು ದೇವಾಲಯಗಳ ಬಾಗಿಲಲ್ಲಿ, ಬೀದಿಯ ಮೂಲೆಗಳಲ್ಲಿ ಬಿಟ್ಟುಹೋಗುತ್ತಿದ್ದರು. ಕಾರಣ ಬಡತನ, ಇಲ್ಲವೇ ಮದುವೆಯಾಗದ ತಾಯಿಯ ಮೇಲೆ ಸಮಾಜ ಹೊರಿಸಿದ ಅವಮಾನ. ಸಿಕ್ಕಿದ ಮಕ್ಕಳನ್ನು ನಗರದ ಅಧಿಕಾರಿಗಳು ಒಂದು ಮನೆಗೆ ಒಪ್ಪಿಸುತ್ತಿದ್ದರು. ಅದರ ಹೆಸರು ಲಾ ಕೂಶ್. ಕೂಸನ್ನು ಮಲಗಿಸುವ ಹಾಸಿಗೆ ಎಂಬ ಭಾವ ಆ ಹೆಸರಿಗೆ. ನಡೆಸುತ್ತಿದ್ದವರು ಒಬ್ಬ ವಿಧವೆ, ಜೊತೆಗೆ ಒಬ್ಬಿಬ್ಬರು ಕೆಲಸದವರು. ಹಾಲೂಡಿಸುವ ದಾದಿಯರು ಸಾಲದು, ಹಣವೂ ಸಾಲದು. ಅಳುವ ಕೂಸುಗಳಿಗೆ ಅಫೀಮು ಬೆರೆಸಿದ ಗುಳಿಗೆ ನುಂಗಿಸಿ ಮಲಗಿಸುತ್ತಿದ್ದರು. ಕೆಲವನ್ನು ಪುಡಿಗಾಸಿಗೆ ಮಾರುತ್ತಿದ್ದರು. ಕೊಂಡ ಭಿಕ್ಷುಕರು ಜನರ ಕನಿಕರ ಗಿಟ್ಟಿಸಲು ಮಗುವಿನ ಕೈಕಾಲು ಮುರಿಯುವುದೂ ಉಂಟಾಗಿತ್ತು. ಅನೇಕ ಕೂಸುಗಳು ದೀಕ್ಷಾಸ್ನಾನವೂ ಇಲ್ಲದೆ ಸಾಯುತ್ತಿದ್ದವು. ಅಲ್ಲಿಗೆ ಹೋದ ಮಗು ಬದುಕಿ ಬಂದದ್ದೇ ಇಲ್ಲವೆಂಬಂತಾಗಿತ್ತು.

ಓದುಗರೇ, ಇಲ್ಲಿ ಒಂದು ವಿಷಯ ಗಮನಿಸಿ. ಆ ಮಕ್ಕಳಿಗೆ ಮನೆ ಇತ್ತು, ಛಾವಣಿ ಇತ್ತು, ನೋಡಿಕೊಳ್ಳುವ ಏರ್ಪಾಡು ಎಂಬುದೂ ಇತ್ತು. ಇಲ್ಲದೆ ಇದ್ದದ್ದು ಈ ಮಗು ನನ್ನದು ಎನ್ನುವ ಒಬ್ಬ ವ್ಯಕ್ತಿ.

ವಿನ್ಸೆಂಟರ ಪ್ರೇರಣೆಯಿಂದ ಲೇಡೀಸ್ ಆಫ್ ಚಾರಿಟಿ ಎಂಬ ಮಹಿಳಾ ಸಂಘದವರು ಆ ಮನೆಯನ್ನು ನೋಡಿ ಬಂದರು. ಎಲ್ಲ ಮಕ್ಕಳನ್ನೂ ಒಮ್ಮೆಗೇ ತರುವ ಶಕ್ತಿ ಅವರಿಗಿರಲಿಲ್ಲ. ಯಾರನ್ನು ಆರಿಸುವುದು, ಯಾರನ್ನು ಬಿಡುವುದು? 1638ರಲ್ಲಿ ಚೀಟಿ ಎತ್ತಿ ಹನ್ನೆರಡು ಮಕ್ಕಳನ್ನು ಆರಿಸಿ ತಂದರು. ಲೂಯಿಸರೂ ಅವರ ಭಗಿನಿಯರೂ ಅವರನ್ನು ಸಾಕತೊಡಗಿದರು. ಉಳಿದ ಮಕ್ಕಳ ನೆನಪು ಯಾರನ್ನೂ ಸುಮ್ಮನೆ ಬಿಡಲಿಲ್ಲ. 1640ರ ಜನವರಿಯಲ್ಲಿ ಸಂಘ ಸಭೆ ಸೇರಿ ಬಿಟ್ಟುಹೋದ ಮಕ್ಕಳೆಲ್ಲರ ಹೊಣೆಯನ್ನೂ ಹೊರುವುದೆಂದು ನಿರ್ಧರಿಸಿತು.

ಮಡಿಲು ಹುಡುಕುವ ಕೆಲಸ

ಆಗ ಅವರು ಕೈಗೊಂಡ ಕ್ರಮ ನಮ್ಮ ಗಮನಕ್ಕೆ ಯೋಗ್ಯವಾದದ್ದು. ಎಳೆಯ ಕೂಸುಗಳನ್ನು ಒಂದೇ ಕಡೆ ಕೂಡಿಹಾಕಲಿಲ್ಲ. ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹಾಲೂಡಿಸಬಲ್ಲ ತಾಯಂದಿರನ್ನು ಹುಡುಕಿ, ಅವರ ಮನೆಗಳಿಗೆ ಮಕ್ಕಳನ್ನು ಒಪ್ಪಿಸಿದರು. ಆ ತಾಯಂದಿರಿಗೆ ತಿಂಗಳ ಹಣ ಕೊಟ್ಟರು. ಮಗು ಹೇಗಿದೆ ಎಂದು ನೋಡಿಬರಲು ಜನರನ್ನು ಕಳಿಸಿದರು. 1649ರಲ್ಲಿ ವಿನ್ಸೆಂಟರ ಸಭೆಯ ಒಬ್ಬ ಸಹೋದರರು ಹಳ್ಳಿಗಳಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು ನೋಡಲು ವಾರಗಟ್ಟಲೆ ಸುತ್ತಿದರು. ಹಾಲು ಬಿಟ್ಟ ಮಕ್ಕಳಿಗಾಗಿ 1645ರ ಸುಮಾರಿಗೆ, ವಿನ್ಸೆಂಟರು ವಾಸವಾಗಿದ್ದ ಸೇಂಟ್ ಲಾಜರ್ ಮಠದ ಬಳಿ ಹದಿಮೂರು ಚಿಕ್ಕ ಮನೆಗಳನ್ನು ಕಟ್ಟಿಸಲಾಯಿತು. ಅಲ್ಲಿ ಭಗಿನಿಯರು ಮಕ್ಕಳಿಗೆ ಓದು, ಪ್ರಾರ್ಥನೆ, ಕೆಲಸ ಕಲಿಸಿದರು. ಬೆಳೆದ ಮಕ್ಕಳನ್ನು ಕಸುಬಿಗೆ ಹಚ್ಚಿದರು.

ಅಡ್ಡಿಗಳು ಕಡಿಮೆಯಿರಲಿಲ್ಲ. ಇವು ಪಾಪದಿಂದ ಹುಟ್ಟಿದ ಮಕ್ಕಳು, ಇವನ್ನು ಸಾಕಿದರೆ ಪಾಪಕ್ಕೆ ಪ್ರೋತ್ಸಾಹ ಕೊಟ್ಟಂತೆ ಎನ್ನುವ ಸಭ್ಯಸ್ಥರು ಬಹಳ ಮಂದಿ ಇದ್ದರು. ವಿನ್ಸೆಂಟರ ಉತ್ತರ ಸರಳವಾಗಿತ್ತು: ಮನುಷ್ಯರ ತಪ್ಪಿಗೆ ಕೂಸನ್ನು ಹೊಣೆ ಮಾಡಲಾಗದು, ತಂದೆತಾಯಿ ಕೈಬಿಟ್ಟರೆ ದೇವರೇ ಅದಕ್ಕೆ ತಂದೆ. ಹಣದ ಮುಗ್ಗಟ್ಟು ಇನ್ನೊಂದು ಕಡೆ. ರಾಜ 13ನೇ ಲೂಯಿ 1642ರಲ್ಲಿ ವರ್ಷಕ್ಕೆ 4,000 ಲಿವ್ರ್ ಗೊತ್ತುಮಾಡಿದರು. 1644ರಲ್ಲಿ ಇನ್ನೂ 8,000 ಲಿವ್ರ್ ಸೇರಿತು. ಖರ್ಚು ಅದನ್ನೂ ಮೀರಿ ಬೆಳೆಯಿತು.

1647ರಲ್ಲಿ ನಗರದ ಹೊರಗಿದ್ದ ಬಿಸೆತ್ರ್ ಎಂಬ ದೊಡ್ಡ ಖಾಲಿ ಕೋಟೆಮನೆಗೆ ಮಕ್ಕಳನ್ನು ಸಾಗಿಸಲಾಯಿತು. ಜಾಗ ವಿಶಾಲ, ವೆಚ್ಚ ಕಡಿಮೆ ಎಂಬ ಲೆಕ್ಕ. ಲೂಯಿಸರ ಮನಸ್ಸು ಇದಕ್ಕೆ ಒಪ್ಪಿರಲಿಲ್ಲ. ಅಲ್ಲಿನ ಕೊರೆಯುವ ಗಾಳಿ ಎಳೆಯ ಮಕ್ಕಳಿಗೆ ಒಗ್ಗಲಿಲ್ಲ, ಅನೇಕರು ತೀರಿಕೊಂಡರು. ಕೊನೆಗೆ ಮಕ್ಕಳನ್ನು ಮತ್ತೆ ನಗರಕ್ಕೆ ಕರೆತರಬೇಕಾಯಿತು. ಕಟ್ಟಡ ದೊಡ್ಡದಾದಷ್ಟಕ್ಕೆ ಮಗುವಿಗೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕ ಅಂದೂ ತಪ್ಪಿತ್ತು.

ಅದೇ ಸುಮಾರಿಗೆ ಸಂಘದ ಮಹಿಳೆಯರು ಸೋತುಹೋದರು. ದೇಶದಲ್ಲಿ ಗಲಭೆ, ಸಾಲದ ಹೊರೆ. ಈ ಕೆಲಸ ಬಿಟ್ಟುಬಿಡೋಣ ಎನ್ನುವ ಮಾತು ಸಭೆಯಲ್ಲಿ ಬಂತು. ವಿನ್ಸೆಂಟರು ಎದ್ದು ಮಾತಾಡಿದರು. ಅವರು ಗದರಿಸಲಿಲ್ಲ. ಹೆತ್ತವರು ಬಿಟ್ಟ ಮೇಲೆ ನೀವೇ ಇವರಿಗೆ ತಾಯಂದಿರಾದಿರಿ ಎಂದು ನೆನಪಿಸಿದರು. ಈಗ ಕೈಬಿಟ್ಟರೆ ಈ ಮಕ್ಕಳು ಸಾಯುವುದು ಖಂಡಿತ, ನಿರ್ಧಾರ ನಿಮ್ಮದು ಎಂದು ಅವರ ಮುಂದಿಟ್ಟರು. ಆ ಸಭೆ ಎದ್ದು ಹೋಗುವ ಮೊದಲೇ ಕೆಲಸ ಮುಂದುವರಿಸುವುದೆಂದು ಒಮ್ಮತವಾಯಿತು.

1660ರ ಮಾರ್ಚಿಯಲ್ಲಿ ಲೂಯಿಸರೂ ಅದೇ ವರ್ಷ ಸೆಪ್ಟೆಂಬರ್ 27ರಂದು ವಿನ್ಸೆಂಟರೂ ದೈವಾಧೀನರಾದರು. ಧರ್ಮಸಭೆ ವಿನ್ಸೆಂಟರಿಗೆ 1737ರಲ್ಲಿ, ಲೂಯಿಸರಿಗೆ 1934ರಲ್ಲಿ ಸಂತ ಪದವಿ ನೀಡಿತು. 1670ರಲ್ಲಿ ರಾಜ 14ನೇ ಲೂಯಿ ಈ ಮಕ್ಕಳಿಗಾಗಿ ಸರ್ಕಾರದ ಆಸ್ಪತ್ರೆಯೊಂದನ್ನು ಸ್ಥಾಪಿಸಿದರು. ಮುಂದಿನ ಶತಮಾನದಲ್ಲಿ ಅಲ್ಲಿಗೆ ವರ್ಷಕ್ಕೆ ಸಾವಿರಾರು ಕೂಸುಗಳು ಬರತೊಡಗಿದವು. ಅಷ್ಟು ಮಕ್ಕಳಿಗೆ ಸಾಕುತಾಯಂದಿರು ಎಲ್ಲಿಂದ ಬಂದಾರು? ಬಹುಪಾಲು ಮಕ್ಕಳು ಮತ್ತೆ ಸಾವಿನ ಪಾಲಾದರು. ಹಳ್ಳಿಯ ಸಾಕುತಾಯಂದಿರ ಮನೆಯಲ್ಲೂ ಮಕ್ಕಳು ಸತ್ತದ್ದುಂಟು. ಆ ಕಾಲದ ರೋಗ, ಬಡತನ ಅಂಥದ್ದು. ಆದರೂ ಬದುಕಿದ ಮಕ್ಕಳು ಬದುಕಿದ್ದು ಯಾರೋ ಒಬ್ಬ ತಾಯಿಯ ತೋಳಿನಲ್ಲೇ.

ನಮ್ಮ ಮನೆಗಳಿಗೆ ಈ ಮಾತು

ಪ್ರಿಯರೇ, ದೇವರು ಮನುಷ್ಯರಾಗಲು ಇಚ್ಛಿಸಿದಾಗ ಒಂದು ಕುಟುಂಬವನ್ನು ಆರಿಸಿಕೊಂಡರು. ಯೇಸುಸ್ವಾಮಿಗೆ ಭೂಮಿಯ ಮೇಲೆ ಒಬ್ಬ ಸಾಕುತಂದೆ ಇದ್ದರು. ಸಂತ ಜೋಸೆಫರು ಹೆತ್ತವರಲ್ಲ. ಆದರೂ ಹೆಸರಿಟ್ಟವರು, ಕಸುಬು ಕಲಿಸಿದವರು, ಹೆರೋದನ ಕತ್ತಿಯಿಂದ ಕಾಪಾಡಿ ಈಜಿಪ್ಟಿಗೆ ಒಯ್ದವರು ಅವರೇ. ಮನುಷ್ಯ ವ್ಯಕ್ತಿಯಾಗಿ ಅರಳುವುದು ಇನ್ನೊಬ್ಬರು ಹೆಸರು ಹಿಡಿದು ಕರೆದಾಗ ಎಂದು ತತ್ವಜ್ಞಾನಿಗಳು ಹೇಳುತ್ತಾರೆ. ನಜರೇತಿನ ಮನೆ ಅದನ್ನು ಬಾಳಿ ತೋರಿಸಿತು. ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿಯೂ ಜಗದ್ಗುರು ಫ್ರಾನ್ಸಿಸರು 2016ರಲ್ಲಿಯೂ ಕುಟುಂಬವನ್ನು ಕುರಿತು ಬರೆದ ಪ್ರೇಷಿತ ಪತ್ರಗಳಲ್ಲಿ, ತಂದೆತಾಯಿಯಿಲ್ಲದ ಮಕ್ಕಳಿಗೆ ತಮ್ಮ ಮನೆಯ ಬಾಗಿಲು ತೆರೆಯುವಂತೆ ಕ್ರೈಸ್ತ ದಂಪತಿಗಳನ್ನು ಪ್ರೋತ್ಸಾಹಿಸಿದ್ದಾರೆ.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕು ಎನ್ನುತ್ತದೆ. ಸ್ವಂತ ಕುಟುಂಬ ಮೊದಲು. ಅದಾಗದಿದ್ದರೆ ಬಂಧುಗಳು, ದತ್ತು, ಅಥವಾ ಸ್ವಲ್ಪ ಕಾಲ ಸಾಕುವ ಪೋಷಕ ಕುಟುಂಬ. ಆಶ್ರಮಗಳಲ್ಲಿ ಮಕ್ಕಳಿಗಾಗಿ ಬಾಳು ಸವೆಸಿದ ನಮ್ಮ ಭಗಿನಿಯರ ತ್ಯಾಗವನ್ನು ಯಾರೂ ಕಡೆಗಣಿಸಬಾರದು. ಅವರನ್ನೇ ಕೇಳಿ: ಅಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ. ಮಗುವನ್ನು ಮನೆಯಿಂದ ಹೊರಗೆ ತಂದದ್ದು ಬಡತನ.

ನಾವು ಏನು ಮಾಡಬಹುದು? ವಿನ್ಸೆಂಟರ ಹೆಸರಿನಲ್ಲಿ 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ಡಿ ಪೌಲ್ ಸಂಘ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿಯೂ ಇದೆ. ವಿಧವೆಯಾದ ಒಬ್ಬ ತಾಯಿಗೆ ತಿಂಗಳ ಅಕ್ಕಿ, ಮನೆ ಬಾಡಿಗೆ, ಮಗುವಿನ ಶಾಲೆಯ ಫೀಸು ಸಿಕ್ಕಿದರೆ ಆ ಮಗು ಅಮ್ಮನ ಪಕ್ಕದಲ್ಲೇ ಮಲಗುತ್ತದೆ. ಇಂಥ ಮಕ್ಕಳಿಗಾಗಿ ಸರ್ಕಾರದ ಪ್ರಾಯೋಜಕತ್ವ ಯೋಜನೆ ಇದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಇದಕ್ಕೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿತು. ಅರ್ಜಿ ಬರೆಯಲು ಬಾರದ ನೆರೆಯವರನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದುಕೊಂಡು ಹೋಗುವುದೂ ಸೇವೆಯೇ. ನಿಮ್ಮ ಮನೆಯಲ್ಲಿ ಇನ್ನೊಂದು ಮಗುವಿಗೆ ಜಾಗವಿದೆ ಎನಿಸಿದರೆ ಗಂಡಹೆಂಡತಿ ಕೂತು ಪ್ರಾರ್ಥಿಸಿ, ಮನೆಮಕ್ಕಳನ್ನೂ ಕೇಳಿ, ಕಾನೂನಿನ ದಾರಿಯಲ್ಲೇ ಹೋಗಿ. ಯಾರೋ ಕೊಟ್ಟರೆಂದು ಮಗುವನ್ನು ಸುಮ್ಮನೆ ತಂದಿಟ್ಟುಕೊಳ್ಳಬಾರದು. ಅದು ಮಗುವಿಗೂ ನಿಮಗೂ ಅಪಾಯ. ಮದುವೆಯಾಗದೆ ತಾಯಿಯಾದ ಹುಡುಗಿ ನಮ್ಮ ಬೀದಿಯಲ್ಲಿದ್ದರೆ ಅವಳ ಕಡೆ ಬೆರಳು ತೋರಿಸುವ ಮುನ್ನ ಲೂಯಿಸರ ತಾಯಿಯನ್ನು ನೆನೆಯಿರಿ.

ಶಾತಿಯೋಂ ಊರಿನ ಹೆಂಗಸರು ಒಂದೇ ದಿನ ಊಟ ಹೊತ್ತು ಓಡಿದರು. ಕ್ರಿಸ್ತ ಜಯಂತಿಯಂದು ಆಶ್ರಮಕ್ಕೆ ಕೇಕು, ಬಟ್ಟೆ ಒಯ್ಯುವ ನಾವೂ ಹಾಗೆಯೇ. ಒಯ್ಯುವುದು ಒಳ್ಳೆಯದೇ. ಆದರೆ ಜನವರಿಯಲ್ಲಿ, ಜೂನ್‌ನಲ್ಲಿ, ಶಾಲೆ ಶುರುವಾಗುವ ದಿನ, ಜ್ವರ ಬಂದ ರಾತ್ರಿ ಆ ಮಗುವಿನ ಹಣೆ ಮುಟ್ಟಿ ನೋಡುವವರು ಯಾರು? ಈ ಭಾನುವಾರ ಊಟದ ಹೊತ್ತಿಗೆ ಮನೆಯವರೆಲ್ಲ ಸೇರಿದಾಗ ಈ ಪ್ರಶ್ನೆಯನ್ನು ಮಾತಿಗೆ ಎತ್ತಿಕೊಳ್ಳಿ. ಸಂತ ವಿನ್ಸೆಂಟರೂ ಸಂತ ಲೂಯಿಸರೂ ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.