ಪಟ್ಟಿಯೊಳಗೇನಿದೆ ಎಂದು ಕೇಳಿದ ಸ್ಟ್ರೇಚಿ

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯ ಕಬ್ಬು ಬೆಳೆಗಾರರೊಬ್ಬರ ಖಾತೆಯನ್ನು ಗಣಕಯಂತ್ರದಲ್ಲಿ ಬರೆಯಬೇಕೆಂದುಕೊಳ್ಳಿ. ಹೆಸರು ಒಂದೇ, ಹಂಗಾಮಿನಲ್ಲಿ ಕಾರ್ಖಾನೆಗೆ ಹೋದ ಗಾಡಿಗಳ ತೂಕ ಮಾತ್ರ ಹಲವು. ಹ್ಯಾಸ್ಕೆಲ್ ಭಾಷೆಯಲ್ಲಿ ‘ಬೆಳೆಗಾರ’ ಎಂಬ ಹೊಸ ಮಾದರಿಯನ್ನು ನಾವೇ ಘೋಷಿಸಬಹುದು. ಆದರೆ ತೂಕದ ಅಂಕಣವನ್ನು ಬರಿಯ ಪಟ್ಟಿ ಎಂದರೆ ಸಾಲದು, ಸಂಖ್ಯೆಗಳ ಪಟ್ಟಿ ಎನ್ನಬೇಕು. ಅಲ್ಲಿ ಊರಿನ ಹೆಸರು ನುಸುಳಿದರೆ, ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ತಡೆಯುತ್ತದೆ.

ಈ ಶಿಸ್ತಿಗೆ ತಳಹದಿ ಹಾಕಿದವರಲ್ಲಿ ಪ್ರಮುಖರು ಬ್ರಿಟನ್ನಿನ ಕ್ರಿಸ್ಟೋಫರ್ ಸ್ಟ್ರೇಚಿ. ಜನನ 1916ರಲ್ಲಿ, ಲಂಡನ್‌ನಲ್ಲಿ. ಅಜ್ಜ ಸರ್ ರಿಚರ್ಡ್ ಸ್ಟ್ರೇಚಿ ಭಾರತದಲ್ಲಿ ಲೋಕೋಪಯೋಗಿ ಕಾಮಗಾರಿಗಳ ಹಿರಿಯ ಅಧಿಕಾರಿಯಾಗಿದ್ದವರು. ಕೇಂಬ್ರಿಜ್‌ನಲ್ಲಿ ಓದುವಾಗ ಮೊಮ್ಮಗ ಮಾನಸಿಕವಾಗಿ ಕುಸಿದರು. ಮುಂದೆ ಹಿಡಿದದ್ದು ಶಾಲಾ ಮಾಸ್ತರಿಕೆ. ಹ್ಯಾರೋ ಶಾಲೆಯಲ್ಲಿ ಪಾಠ ಹೇಳುತ್ತಲೇ ಮ್ಯಾಂಚೆಸ್ಟರಿನ ಗಣಕಯಂತ್ರಕ್ಕೆ ಡ್ರಾಫ್ಟ್ಸ್ ಆಟ ಕಲಿಸಿದ ಮೇಷ್ಟ್ರು ಇವರು!

1965ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರೋಗ್ರಾಮಿಂಗ್ ಸಂಶೋಧನಾ ತಂಡ ಕಟ್ಟಿದರು. 1967ರಲ್ಲಿ ಕೋಪನ್‌ಹೇಗನ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಪಟ್ಟಿಯೊಳಗಿನ ವಸ್ತುವಿನ ಮಾದರಿಯ ಜಾಗದಲ್ಲಿ ಒಂದು ಗ್ರೀಕ್ ಅಕ್ಷರವನ್ನಿಟ್ಟರು. ಅಂಕಿಯಿರಲಿ, ಹೆಸರಿರಲಿ, ಪಟ್ಟಿಯ ಪ್ರತಿ ಅಂಶದ ಮೇಲೂ ಒಂದು ಕ್ರಿಯೆ ನಡೆಸುವ ಸೂತ್ರವನ್ನು ಒಮ್ಮೆ ಬರೆದರೆ ಸಾಕು. ಬೆರಕೆಗೆ ಮಾತ್ರ ಎಡೆಯಿಲ್ಲ. ಇದಕ್ಕೆ ಪ್ಯಾರಾಮೆಟ್ರಿಕ್ ಪಾಲಿಮಾರ್ಫಿಸಂ ಎಂಬ ಹೆಸರೂ ಅವರದೇ.

ಬರೆದದ್ದನ್ನು ಅಚ್ಚಿಗೆ ಕೊಡಲು ಅವರಿಗೆ ಸದಾ ಹಿಂಜರಿಕೆ. ಆ ಟಿಪ್ಪಣಿಗಳು ಕೈಯಿಂದ ಕೈಗೆ ದಾಟುತ್ತಲೇ ಉಳಿದವು. 1975ರ ಮೇ 18ರಂದು, 58ನೇ ವಯಸ್ಸಿನಲ್ಲಿ ಯಕೃತ್ತಿನ ಉರಿಯೂತದಿಂದ ಸ್ಟ್ರೇಚಿ ತೀರಿಕೊಂಡರು. ಎಡಿನ್‌ಬರೋದ ಎಂಎಲ್, ಆಮೇಲೆ 1990ರ ಹ್ಯಾಸ್ಕೆಲ್ ಅವರ ವಿಚಾರವನ್ನು ಬಳಕೆಗೆ ತಂದವು. ಉಪನ್ಯಾಸಗಳು ಅಚ್ಚಾದದ್ದು 2000ದಲ್ಲಿ.